ಅಂಕಿ ಬರೆದಿರಿ, ಏಕಮಾನ ಎಲ್ಲಿ?

ಬೀದರ್, ಹುಮನಾಬಾದ್ ಕಡೆಯಿಂದ ಮುಂಬಯಿ ಹೆದ್ದಾರಿ ಹಿಡಿದು ಬರುವ ಬಸ್ಸುಗಳು ಜಹೀರಾಬಾದ್, ಪಟಾನ್‌ಚೆರು, ಮಿಯಾಪುರ ದಾಟಿ ಹೈದರಾಬಾದಿನ ಕೂಕಟ್‌ಪಲ್ಲಿಗೆ ಬರುತ್ತವೆ. ಇಳಿಯುವವರಲ್ಲಿ ಪುಸ್ತಕದ ಚೀಲದ ಜೊತೆಗೆ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ ಹಿಡಿದ ನಮ್ಮ ಕನ್ನಡದ ಮಕ್ಕಳು ಇದ್ದೇ ಇರುತ್ತಾರೆ. ಕೆಲವರು ಪ್ರವೇಶ ಪರೀಕ್ಷೆಯ ಕೋಚಿಂಗಿಗೆ ಬಂದವರು, ಕೆಲವರು ಜೆ.ಎನ್.ಟಿ.ಯು.ನಲ್ಲಿ ಬಿ.ಟೆಕ್., ಎಂ.ಟೆಕ್. ಓದುವವರು, ಇನ್ನು ಕೆಲವರು ಗೇಟ್ ಪರೀಕ್ಷೆಗೆಂದು ಕೆ.ಪಿ.ಎಚ್.ಬಿ. ಕಾಲೊನಿಯ ಹಾಸ್ಟೆಲ್ಲಿನಲ್ಲಿ ಮಂಚ ಹಿಡಿದವರು. ಈ ಮಾತು ನಿಮಗಾಗಿ. ಭೌತಶಾಸ್ತ್ರದ ಲ್ಯಾಬಿನಲ್ಲಿ ವರ್ಷಗಟ್ಟಲೆ ರೆಕಾರ್ಡ್ ಪುಸ್ತಕ ತಿದ್ದಿದವಳು ನಾನು. ಸ್ವಲ್ಪ ಗದರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ತಪ್ಪೇನು ಅಂದರೆ, ಲೆಕ್ಕ ಬರುವುದಿಲ್ಲ ಎಂದಲ್ಲ. ಲೆಕ್ಕ ಚೆನ್ನಾಗಿಯೇ ಬರುತ್ತದೆ. ಆದರೆ ವಿದ್ಯುತ್ ಪ್ರವಾಹ ಎಷ್ಟು ಅಂದರೆ "0.5" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದು ಕೂರುತ್ತೀರಿ. ಐದು ಹತ್ತಾಂಶ ಏನು? ಆಂಪಿಯರೇ? ಆಬ್‌ಆಂಪಿಯರೇ? ಸ್ಟ್ಯಾಟ್‌ಆಂಪಿಯರೇ? ಮೊದಲನೆಯದಾದರೆ ಒಂದು ಫ್ಯಾನ್ ತಿರುಗೀತು. ಎರಡನೆಯದಾದರೆ ಅದು ಐದು ಆಂಪಿಯರ್, ಇಸ್ತ್ರಿಪೆಟ್ಟಿಗೆ ಕಾದೀತು. ಮೂರನೆಯದಾದರೆ ಅದನ್ನು ಅಳೆಯಲು ನಿಮ್ಮ ಲ್ಯಾಬಿನ ಮೀಟರಿಗೆ ಶಕ್ತಿಯೇ ಇಲ್ಲ. ಅಂಕಿ ಒಂದೇ, ಅರ್ಥ ಮೂರು.

"ಈಗೆಲ್ಲ ಎಸ್.ಐ. ಪದ್ಧತಿ ತಾನೆ, ಹಳೆಯದು ನಮಗೇಕೆ?" ಎಂದು ನೀವು ಕೇಳುವಿರಿ ಎಂಬುದು ಗೊತ್ತು. ಊರಿಗೆ ಬಂದವಳು ನೀರಿಗೆ ಬಾರದೆ ಇರುವಳೇ? ಭೌತಶಾಸ್ತ್ರಕ್ಕೆ ಬಂದ ಮೇಲೆ ಸಿ.ಜಿ.ಎಸ್. ಪದ್ಧತಿ ಒಂದಲ್ಲ ಒಂದು ದಿನ ಎದುರಾಗಿಯೇ ಆಗುತ್ತದೆ. ಕೋಠಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿತೆಂದು ಹಳೆಯ ಪುಸ್ತಕ ತರುತ್ತೀರಲ್ಲ, ಅದರೊಳಗೇ ಕೂತಿರುತ್ತದೆ. ಪರ್ಸೆಲ್ ಅವರ ವಿದ್ಯುತ್ತು ಮತ್ತು ಕಾಂತತ್ವದ ಪುಸ್ತಕ 1965ರಲ್ಲಿ ಮೊದಲು ಬಂದಾಗ ಗೌಸಿಯನ್ ಎಂಬ ಸಿ.ಜಿ.ಎಸ್. ಪದ್ಧತಿಯಲ್ಲಿತ್ತು. 2013ರ ಮೂರನೆಯ ಆವೃತ್ತಿ ಎಸ್.ಐ.ಗೆ ಬದಲಾಯಿತು. ಜಾಕ್ಸನ್ ಅವರ ಪುಸ್ತಕದ ಮೂರನೆಯ ಆವೃತ್ತಿಯಲ್ಲಿ ಮೊದಲ ಹತ್ತು ಅಧ್ಯಾಯ ಎಸ್.ಐ., ಆಮೇಲಿನವು ಗೌಸಿಯನ್. ಒಂದೇ ರಟ್ಟಿನ ಒಳಗೆ ಎರಡು ಪದ್ಧತಿ! ನೀವೆಲ್ಲ ದಿಂಬಿನ ಪಕ್ಕ ಇಟ್ಟುಕೊಳ್ಳುವ ಇರೊಡೊವ್ ಪುಸ್ತಕದ ಕೊನೆಯಲ್ಲಿ ಎರಡೂ ಪದ್ಧತಿಯ ಸೂತ್ರಗಳನ್ನು ಪಕ್ಕಪಕ್ಕದಲ್ಲಿ ಕೊಟ್ಟಿದ್ದಾರೆ. ಆ ಪುಟವನ್ನು ತೆರೆದವರು ನಿಮ್ಮಲ್ಲಿ ಎಷ್ಟು ಮಂದಿ, ಕೈ ಎತ್ತಿ ನೋಡೋಣ.

ಮೊದಲು ಮೂರು ಏಕಮಾನಗಳ ಹುಟ್ಟು ತಿಳಿದುಕೊಳ್ಳಿ. ಹುಟ್ಟು ತಿಳಿದರೆ ಬಾಯಿಪಾಠದ ಕೆಲಸ ಅರ್ಧ ಮುಗಿಯಿತು. ಒಂದು ಸೆಂಟಿಮೀಟರ್ ದೂರದಲ್ಲಿಟ್ಟ ಎರಡು ಸಮ ಆವೇಶಗಳು ಒಂದು ಡೈನ್ ಬಲದಿಂದ ಒಂದನ್ನೊಂದು ತಳ್ಳಿದರೆ ಪ್ರತಿಯೊಂದೂ ಒಂದು ಸ್ಟ್ಯಾಟ್‌ಕೂಲಂಬ್. ಸೆಕೆಂಡಿಗೆ ಅಷ್ಟು ಆವೇಶ ಹರಿದರೆ ಒಂದು ಸ್ಟ್ಯಾಟ್‌ಆಂಪಿಯರ್. ಇದು ಸ್ಥಿರವಿದ್ಯುತ್ತಿನ ದಾರಿ, ಪುಸ್ತಕಗಳಲ್ಲಿ ಇ.ಎಸ್.ಯು. ಎಂದಿರುತ್ತದೆ. ಇನ್ನೊಂದು ಕಾಂತಬಲದ ದಾರಿ. ಒಂದು ಸೆಂಟಿಮೀಟರ್ ಅಂತರದ ಎರಡು ಉದ್ದನೆಯ ಸಮಾಂತರ ತಂತಿಗಳಲ್ಲಿ ಒಂದೇ ಪ್ರವಾಹ ಹರಿದು, ಪ್ರತಿ ಸೆಂಟಿಮೀಟರ್ ಉದ್ದಕ್ಕೆ ಎರಡು ಡೈನ್ ಬಲ ಹುಟ್ಟಿದರೆ ಅದು ಒಂದು ಆಬ್‌ಆಂಪಿಯರ್. ಇದನ್ನೇ ಬಯೋ ಎಂದೂ ಕರೆಯುತ್ತಾರೆ, ಪದ್ಧತಿಗೆ ಇ.ಎಂ.ಯು. ಎನ್ನುತ್ತಾರೆ. ಮೂರನೆಯದು ನಮ್ಮ ನಿಮ್ಮ ಆಂಪಿಯರ್.

ಇವುಗಳ ಸಂಬಂಧ ಇಷ್ಟೇ. ಒಂದು ಆಬ್‌ಆಂಪಿಯರ್ ಅಂದರೆ 10 ಆಂಪಿಯರ್. ಒಂದು ಆಬ್‌ಆಂಪಿಯರ್ ಅಂದರೆ 2.99792458×10¹⁰ ಸ್ಟ್ಯಾಟ್‌ಆಂಪಿಯರ್. ಹಾಗಾದರೆ ಒಂದು ಆಂಪಿಯರ್ ಅದರ ಹತ್ತನೇ ಒಂದು ಪಾಲು, ಸುಮಾರು 3×10⁹ ಸ್ಟ್ಯಾಟ್‌ಆಂಪಿಯರ್. ತಿರುಗಿಸಿ ಹೇಳಿದರೆ ಒಂದು ಸ್ಟ್ಯಾಟ್‌ಆಂಪಿಯರ್ ಸುಮಾರು 3.336×10⁻¹⁰ ಆಂಪಿಯರ್. ನೀವು ನೆನಪಿಡಬೇಕಾದದ್ದು ಎರಡೇ ಅಂಕಿ: ಹತ್ತು, ಮತ್ತು ಸೆಂಟಿಮೀಟರಿನಲ್ಲಿ ಬೆಳಕಿನ ವೇಗ. ಉಳಿದದ್ದೆಲ್ಲ ಅವುಗಳಿಂದ ಹುಟ್ಟುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಅಂಗೈ ಅಗಲದ ಕೋಷ್ಟಕವನ್ನು ಗೋಡೆಗೆ ಅಂಟಿಸಿಕೊಂಡು ಗಿಣಿಪಾಠ ಒಪ್ಪಿಸಬೇಡಿ.

ಈ ಹತ್ತು ಎಲ್ಲಿಂದ ಬಂತು ಎಂದು ಯಾರೂ ನಿಮಗೆ ಹೇಳಿರುವುದಿಲ್ಲ. ನಾನು ಹೇಳುತ್ತೇನೆ, ಕೇಳಿ. ಬ್ರಿಟಿಷ್ ಅಸೋಸಿಯೇಷನ್ನಿನ ಸಮಿತಿ 1873ರಲ್ಲಿ ಸೆಂಟಿಮೀಟರ್, ಗ್ರಾಂ, ಸೆಕೆಂಡ್ ಆಧಾರದ ಪದ್ಧತಿಯನ್ನು ಶಿಫಾರಸು ಮಾಡಿತು. ವಿದ್ವಾಂಸರಿಗೆ ಅದು ಚೆನ್ನಾಗಿಯೇ ಇತ್ತು. ಆದರೆ ಟೆಲಿಗ್ರಾಫ್ ತಂತಿ ಎಳೆಯುವವನಿಗೆ? ಆ ಲೆಕ್ಕದಲ್ಲಿ ವಿದ್ಯುತ್ ಒತ್ತಡದ ಏಕಮಾನ ಒಂದು ವೋಲ್ಟಿನ ಹತ್ತು ಕೋಟಿಯ ಒಂದು ಪಾಲು. ರೋಧದ ಏಕಮಾನ ಒಂದು ಓಮ್‌ನ ನೂರು ಕೋಟಿಯ ಒಂದು ಪಾಲು. ಅಷ್ಟು ಸಣ್ಣದನ್ನು ಇಟ್ಟುಕೊಂಡು ಯಾರು ವ್ಯಾಪಾರ ಮಾಡಿಯಾರು? ಅದಕ್ಕೇ 10⁸ ಸೇರಿಸಿ ಒಂದು ವೋಲ್ಟ್ ಮಾಡಿಕೊಂಡರು, ಏಕೆಂದರೆ ಅಂದು ಎಲ್ಲರ ಕೈಯಲ್ಲಿದ್ದ ಡೇನಿಯಲ್ ಕೋಶದ ಒತ್ತಡ ಅದಕ್ಕೆ ಹತ್ತಿರವಿತ್ತು, ಸುಮಾರು 1.1 ವೋಲ್ಟ್. 10⁹ ಸೇರಿಸಿ ಒಂದು ಓಮ್ ಮಾಡಿಕೊಂಡರು, ಏಕೆಂದರೆ ಸೀಮೆನ್ಸ್ ಅವರ ಪಾದರಸದ ಕೊಳವೆಯ ರೋಧ ಅದರ ಆಸುಪಾಸಿನಲ್ಲಿತ್ತು. ಒತ್ತಡವನ್ನು ರೋಧದಿಂದ ಭಾಗಿಸಿದರೆ ಪ್ರವಾಹ ತಾನೆ? 10⁸ನ್ನು 10⁹ರಿಂದ ಭಾಗಿಸಿ ನೋಡಿ, ಹತ್ತನೇ ಒಂದು ಉಳಿಯಿತು. 1881ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಅಂತಾರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಅದಕ್ಕೆ ಆಂಪಿಯರ್ ಎಂದು ಹೆಸರಿಟ್ಟಿತು. ನಿಮ್ಮ ಲೆಕ್ಕದಲ್ಲಿ ಅಡ್ಡ ಬರುವ ಹತ್ತು ದೇವರು ಕೊಟ್ಟದ್ದಲ್ಲ, ಟೆಲಿಗ್ರಾಫ್ ಕಚೇರಿಯ ಅನುಕೂಲಕ್ಕೆ ಮನುಷ್ಯರು ಮಾಡಿಕೊಂಡದ್ದು.

ಇನ್ನೊಂದು ಅಂಕಿ ಮಾತ್ರ ಯಾರ ಅನುಕೂಲಕ್ಕೂ ಹುಟ್ಟಿದ್ದಲ್ಲ. 1856ರಲ್ಲಿ ವೆಬರ್ ಮತ್ತು ಕೋಲ್‌ರೌಶ್ ಎಂಬ ಇಬ್ಬರು ಜರ್ಮನರು ಲೇಡನ್ ಜಾಡಿಯಲ್ಲಿ ತುಂಬಿದ ಆವೇಶವನ್ನು ಒಮ್ಮೆ ಸ್ಥಿರವಿದ್ಯುತ್ತಿನ ದಾರಿಯಲ್ಲಿ ಅಳೆದರು; ಅದನ್ನೇ ತಂತಿಯಲ್ಲಿ ಹರಿಸಿ ಕಾಂತಸೂಜಿ ತಿರುಗಿದ್ದನ್ನು ನೋಡಿ ಇನ್ನೊಮ್ಮೆ ಅಳೆದರು. ಎರಡು ಅಳತೆಗಳ ಅನುಪಾತ ಸೆಕೆಂಡಿಗೆ ಸುಮಾರು 3.1×10¹⁰ ಸೆಂಟಿಮೀಟರ್ ಎಂಬ ಒಂದು ವೇಗವಾಗಿ ಬಂತು. ಜಾಡಿ, ತಂತಿ, ಸೂಜಿ ಬಿಟ್ಟರೆ ಆ ಪ್ರಯೋಗದಲ್ಲಿ ಬೆಳಕಿನ ಸುಳಿವೇ ಇರಲಿಲ್ಲ. ಕೆಲವು ವರ್ಷಗಳ ಮೇಲೆ ಮ್ಯಾಕ್ಸ್‌ವೆಲ್ ಆ ಅಂಕಿಯನ್ನು ಫಿಜೋ ಅಳೆದಿದ್ದ ಬೆಳಕಿನ ವೇಗದ ಪಕ್ಕದಲ್ಲಿಟ್ಟು ನೋಡಿದರು. ಬೆಳಕು ಎಂಬುದು ವಿದ್ಯುತ್ಕಾಂತ ಅಲೆ ಎಂಬ ತೀರ್ಮಾನ ಅಲ್ಲಿಂದ ಹೊರಟಿತು. ಏಕಮಾನ ಬದಲಿಸುವ ಲೆಕ್ಕ ಎಂದು ಮೂಗು ಮುರಿಯುತ್ತೀರಲ್ಲ, ಭೌತಶಾಸ್ತ್ರದ ಬಹುದೊಡ್ಡ ಸಂಗತಿಯೊಂದು ಹೊರಬಿದ್ದದ್ದು ಇದೇ ಲೆಕ್ಕದಿಂದ. ಪ್ರವೇಶ ಪರೀಕ್ಷೆಗಳಲ್ಲಿ "ಆವೇಶದ ಇ.ಎಂ.ಯು. ಮತ್ತು ಇ.ಎಸ್.ಯು. ಅನುಪಾತ ಯಾವುದಕ್ಕೆ ಸಮ?" ಎಂದು ಕೇಳುವುದು ಇದನ್ನೇ. ಉತ್ತರ 3×10¹⁰, ಅದರ ಪಕ್ಕದಲ್ಲಿ ಸೆಕೆಂಡಿಗೆ ಸೆಂಟಿಮೀಟರ್ ಎಂದು ಬರೆಯಲು ಮರೆಯಬೇಡಿ. 3×10⁸ ಎಂದು ಗುರುತು ಹಾಕಿ ಬಂದು ಆಮೇಲೆ ಪ್ರಶ್ನೆಯೇ ಸರಿಯಿಲ್ಲ ಅನ್ನಬೇಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನಮ್ಮ ಕಡೆಯ ಹಿರಿಯರಿಗೆ ಈ ವಿಷಯ ಬೇಗ ಅರ್ಥವಾಗುತ್ತಿತ್ತು. ಬೀದರ್, ಕಲಬುರಗಿ, ರಾಯಚೂರು ನಿಜಾಮರ ರಾಜ್ಯದಲ್ಲಿದ್ದ ಕಾಲದಲ್ಲಿ ಎರಡು ರೂಪಾಯಿ ಓಡಾಡುತ್ತಿದ್ದವು. ನಿಜಾಮರ ಹಾಲಿ ಸಿಕ್ಕಾ ಒಂದು, ಬ್ರಿಟಿಷರ ಕಲ್ದಾರ್ ಇನ್ನೊಂದು. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್. ಸೋಲಾಪುರದ ಪೇಟೆಗೆ ಜೋಳ ಸಾಗಿಸುವ ವ್ಯಾಪಾರಿ ತನ್ನ ಖಾತೆಯಲ್ಲಿ ಬರಿದೇ "ನೂರು" ಎಂದು ಎಂದೂ ಬರೆಯುತ್ತಿರಲಿಲ್ಲ. ನೂರು ಹಾಲಿಯೋ ನೂರು ಕಲ್ದಾರೋ ಎಂದು ಪಕ್ಕದಲ್ಲಿ ಇರಲೇಬೇಕು, ಇಲ್ಲದಿದ್ದರೆ ಹದಿನಾರು ರೂಪಾಯಿ ಚಿಲ್ಲರೆ ಎಲ್ಲಿ ಹೋಯಿತೆಂದು ಸಂಜೆಗೆ ಜಗಳ. ಎಂಜಿನಿಯರಿಂಗ್ ಓದುವ ನಿಮಗೆ ಆ ವ್ಯಾಪಾರಿಯಷ್ಟಾದರೂ ಎಚ್ಚರ ಬೇಡವೇ?

ಇನ್ನು ಮಾಡಬಾರದ್ದಕ್ಕೆ ಬರೋಣ. ಎಲ್ಲಕ್ಕಿಂತ ದೊಡ್ಡ ತಪ್ಪು, ಸೂತ್ರ ಒಂದು ಪದ್ಧತಿಯದು, ಅಂಕಿ ಇನ್ನೊಂದರದು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಥೇಟ್ ಹಾಗೆ. ಒಂದು ಲೆಕ್ಕ ಮಾಡಿ ತೋರಿಸುತ್ತೇನೆ, ಪೆನ್ಸಿಲ್ ತೆಗೆದುಕೊಳ್ಳಿ. 1000 ಗೌಸ್ ಕಾಂತಕ್ಷೇತ್ರಕ್ಕೆ ಅಡ್ಡಲಾಗಿ 20 ಸೆಂಟಿಮೀಟರ್ ಉದ್ದದ ತಂತಿ, ಅದರಲ್ಲಿ 5 ಆಂಪಿಯರ್ ಪ್ರವಾಹ. ತಂತಿಯ ಮೇಲಿನ ಬಲ ಎಷ್ಟು? ಎಸ್.ಐ.ನಲ್ಲಿ ಸೂತ್ರ ಪ್ರವಾಹ ಗುಣಿಸು ಉದ್ದ ಗುಣಿಸು ಕ್ಷೇತ್ರ. ಕ್ಷೇತ್ರ 0.1 ಟೆಸ್ಲಾ, ಉದ್ದ 0.2 ಮೀಟರ್, ಬಲ 0.1 ನ್ಯೂಟನ್. ಇ.ಎಂ.ಯು. ಪದ್ಧತಿಯಲ್ಲೂ ಸೂತ್ರದ ಮುಖ ಅದೇ. ಆದರೆ ಪ್ರವಾಹವನ್ನು 0.5 ಆಬ್‌ಆಂಪಿಯರ್ ಎಂದು ಹಾಕಬೇಕು: 0.5 ಗುಣಿಸು 20 ಗುಣಿಸು 1000, ಅಂದರೆ 10,000 ಡೈನ್. ಅದೇ 0.1 ನ್ಯೂಟನ್. ಗೌಸಿಯನ್ ಪದ್ಧತಿಯಲ್ಲಿ ಪ್ರವಾಹ 1.5×10¹⁰ ಸ್ಟ್ಯಾಟ್‌ಆಂಪಿಯರ್, ಆದರೆ ಸೂತ್ರದ ಕೆಳಗೆ ಬೆಳಕಿನ ವೇಗ ಭಾಜಕವಾಗಿ ಕೂತಿರುತ್ತದೆ. ಭಾಗಿಸಿದರೆ ಮತ್ತೆ 10,000 ಡೈನ್. ಮೂರು ದಾರಿ ಹಿಡಿದರೂ ಉತ್ತರ ಒಂದೇ, ಇರಲೇಬೇಕು. ಈಗ ನಿಮ್ಮ ಅವಸರದ ದಾರಿ ನೋಡಿ. ಗೌಸ್, ಸೆಂಟಿಮೀಟರ್ ಎಲ್ಲ ಹಾಗೇ ಇಟ್ಟು ಪ್ರವಾಹವನ್ನು ಮಾತ್ರ ಆಂಪಿಯರಿನಲ್ಲಿ ಹಾಕುತ್ತೀರಿ. ಒಂದು ಲಕ್ಷ ಡೈನ್ ಬರುತ್ತದೆ, ಹತ್ತು ಪಟ್ಟು ತಪ್ಪು. ಆಂಪಿಯರನ್ನು ಗೌಸಿಯನ್ ಸೂತ್ರಕ್ಕೆ ಹಾಕಿದರಂತೂ ಮುನ್ನೂರು ಕೋಟಿ ಪಟ್ಟು ಕಡಿಮೆ ಬರುತ್ತದೆ. ಅದನ್ನೂ ಮುಖದಲ್ಲಿ ಒಂದು ಗೆರೆ ಮೂಡದಂತೆ ರೆಕಾರ್ಡಿಗೆ ಇಳಿಸಿದವರನ್ನು ನೋಡಿದ್ದೇನೆ.

ಹಳೆಯ ಲ್ಯಾಬ್ ಕೈಪಿಡಿಗಳಲ್ಲಿ ಇದಕ್ಕೊಂದು ಉಪಾಯ ಮಾಡಿಟ್ಟಿರುತ್ತಾರೆ, ಅದನ್ನು ಗುರುತಿಸಲು ಕಲಿಯಿರಿ. ಟ್ಯಾಂಜೆಂಟ್ ಗ್ಯಾಲ್ವನೋಮೀಟರಿನ ಸೂತ್ರ ಕೆಲವು ಪುಸ್ತಕಗಳಲ್ಲಿ ಹತ್ತರಿಂದ ಗುಣಿಸಿ ಬರುತ್ತದೆ, ಕೆಲವುಗಳಲ್ಲಿ ಹತ್ತು ಇರುವುದಿಲ್ಲ. ಹತ್ತು ಇದ್ದರೆ ಉತ್ತರ ನೇರವಾಗಿ ಆಂಪಿಯರಿನಲ್ಲಿ, ಇಲ್ಲದಿದ್ದರೆ ಆಬ್‌ಆಂಪಿಯರಿನಲ್ಲಿ. ಹೈದರಾಬಾದಿನಲ್ಲಿ ಭೂಮಿಯ ಕಾಂತಕ್ಷೇತ್ರದ ಸಮತಲ ಭಾಗ ಸುಮಾರು 0.4 ಗೌಸ್. (ಭೂಕಾಂತತ್ವವನ್ನು ಅಳೆಯುವುದೂ ಒಂದು ಕೆಲಸವಾಗಿರುವ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ನಮ್ಮ ಊರಿನ ಉಪ್ಪಲ್‌ನಲ್ಲೇ ಇದೆ. ಅವರ ಅಂಕಿಗಳು ನ್ಯಾನೊಟೆಸ್ಲಾದಲ್ಲಿರುತ್ತವೆ, 0.4 ಗೌಸ್ ಅಂದರೆ 40,000 ನ್ಯಾನೊಟೆಸ್ಲಾ.) ಸುರುಳಿಯ ತ್ರಿಜ್ಯ 8 ಸೆಂಟಿಮೀಟರ್, ಸುತ್ತು 50, ಸೂಜಿ 45 ಡಿಗ್ರಿಗೆ ನಿಂತಿದೆ ಅನ್ನಿ. ತ್ರಿಜ್ಯವನ್ನು ಕ್ಷೇತ್ರದಿಂದ ಗುಣಿಸಿ, ಎರಡು ಪೈ ಗುಣಿಸು ಸುತ್ತುಗಳಿಂದ ಭಾಗಿಸಿದರೆ 0.0102. ಇದು ಆಬ್‌ಆಂಪಿಯರ್. ಹತ್ತರಿಂದ ಗುಣಿಸಿದರೆ 0.102 ಆಂಪಿಯರ್. ಪಕ್ಕದಲ್ಲಿಟ್ಟ ಅಮ್ಮೀಟರ್ ಕೂಡ 0.1ರ ಹತ್ತಿರ ತೋರಿಸುತ್ತಿರುತ್ತದೆ, ಒಮ್ಮೆ ಕತ್ತು ತಿರುಗಿಸಿ ನೋಡಿದರಾಗದೇ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಅಮ್ಮೀಟರ್ ಒಂದು ಹೇಳಿ ನಿಮ್ಮ ಲೆಕ್ಕ ಅದರ ಹತ್ತನೇ ಒಂದು ಪಾಲು ಹೇಳಿದರೆ ಉಪಕರಣ ಕೆಟ್ಟಿದೆ ಎಂದು ಅಟೆಂಡರನ್ನು ಕೂಗಬೇಡಿ. ಬಿಟ್ಟುಹೋದ ಹತ್ತನ್ನು ಹುಡುಕಿ.

ಸೊಲೆನಾಯ್ಡಿನದೂ ಇದೇ ಕಥೆ. ಹಳೆಯ ಸೂತ್ರದಲ್ಲಿ ನಾಲ್ಕು ಪೈ, ಸೆಂಟಿಮೀಟರಿಗೆ ಇಷ್ಟು ಸುತ್ತು, ಪ್ರವಾಹ, ಕೆಳಗೆ ಹತ್ತು ಇರುತ್ತದೆ, ಉತ್ತರ ಅರ್ಸ್ಟೆಡ್‌ನಲ್ಲಿ. ಸೆಂಟಿಮೀಟರಿಗೆ 10 ಸುತ್ತು, 2 ಆಂಪಿಯರ್ ಆದರೆ ಸುಮಾರು 25 ಅರ್ಸ್ಟೆಡ್. ಎಸ್.ಐ.ನಲ್ಲಿ ಅದು ಮೀಟರಿಗೆ 2000 ಆಂಪಿಯರ್. ಇದನ್ನು ಹಳೆಯ ಕಾಲದ ಗೊಡ್ಡು ವಿದ್ಯೆ ಎಂದು ತಿಳಿಯಬೇಡಿ. ನಾಳೆ ನೀವು ಮೋಟಾರಿಗೋ ಸ್ಪೀಕರಿಗೋ ಅಯಸ್ಕಾಂತ ಕೊಳ್ಳಲು ಹೋದರೆ ತಯಾರಕರ ಹಾಳೆಯಲ್ಲಿ ಇವತ್ತಿಗೂ ಕಿಲೋಗೌಸ್, ಕಿಲೋಅರ್ಸ್ಟೆಡ್ ಅಂಕಣಗಳೇ ಎದ್ದು ಕಾಣುತ್ತವೆ.

ಎಂ.ಟೆಕ್. ಮತ್ತು ಸಂಶೋಧನೆಯ ಮಕ್ಕಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು, ಇಲ್ಲಿ ಎಡವುವವರು ಬಹಳ. ಕಾಂತವಸ್ತುವಿನ ಪುಡಿಯನ್ನು ಕಾಂತದ ಮೊಮೆಂಟ್ ಅಳೆಯುವ ವಿ.ಎಸ್.ಎಂ. ಯಂತ್ರಕ್ಕೆ ಕೊಟ್ಟು ಬರುತ್ತೀರಿ. ಫಲಿತಾಂಶ ಗ್ರಾಂಗೆ ಇಷ್ಟು ಇ.ಎಂ.ಯು. ಎಂದು ಬರುತ್ತದೆ. ಪ್ರವಾಹದ ಇ.ಎಂ.ಯು. ಹತ್ತು ಆಂಪಿಯರ್ ಎಂದು ಎಲ್ಲೋ ಓದಿದ ನೆನಪಿನಿಂದ ಇಲ್ಲೂ ಹತ್ತರಿಂದ ಗುಣಿಸುತ್ತೀರಿ. ತಪ್ಪು, ತಪ್ಪು. ಇ.ಎಂ.ಯು. ಎಂಬುದು ಒಂದು ಏಕಮಾನವಲ್ಲ, ಒಂದು ಪದ್ಧತಿಯ ಗುರುತು. ಪ್ರವಾಹಕ್ಕೂ ಅದನ್ನೇ ಬರೆಯುತ್ತಾರೆ, ಆವೇಶಕ್ಕೂ ಅದನ್ನೇ, ಕಾಂತದ ಮೊಮೆಂಟಿಗೂ ಅದನ್ನೇ. ಮೊಮೆಂಟಿನ ಒಂದು ಇ.ಎಂ.ಯು. ಅಂದರೆ ಆಂಪಿಯರ್ ಗುಣಿಸು ಚದರ ಮೀಟರ್ ಲೆಕ್ಕದಲ್ಲಿ 10⁻³. ಹೇಗೆಂದರೆ ಒಂದು ಆಬ್‌ಆಂಪಿಯರ್ ಹತ್ತು ಆಂಪಿಯರ್, ಒಂದು ಚದರ ಸೆಂಟಿಮೀಟರ್ 10⁻⁴ ಚದರ ಮೀಟರ್, ಎರಡನ್ನೂ ಗುಣಿಸಿ. ಗ್ರಾಂಗೆ ಒಂದು ಇ.ಎಂ.ಯು. ಎಂಬುದು ಕಿಲೋಗ್ರಾಂಗೆ ಒಂದು ಆಂಪಿಯರ್ ಚದರ ಮೀಟರಿಗೆ ಸಮ. ಅಂದರೆ ಅಂಕಿ ಬದಲಾಗುವುದೇ ಇಲ್ಲ! ಸುಮ್ಮನಿದ್ದಿದ್ದರೆ ಸರಿಯಾಗುತ್ತಿದ್ದ ಅಂಕಿಯನ್ನು ಗುಣಿಸಿ ಕೆಡಿಸುವುದು ಯಾವ ಜಾಣತನ? ನಿಮ್ಮ ಪ್ರಬಂಧದಲ್ಲಿ "ಇ.ಎಂ.ಯು." ಎಂದು ಬರೆದಲ್ಲೆಲ್ಲ ಯಾವುದರ ಇ.ಎಂ.ಯು. ಎಂದು ಸ್ಪಷ್ಟಪಡಿಸಿ. ಪರೀಕ್ಷಕರು ಕೇಳುವ ಮೊದಲು ನೀವೇ ಹೇಳಿಬಿಡಿ.

ಗುಣಿಸಬೇಕೋ ಭಾಗಿಸಬೇಕೋ ಎಂಬ ಗೊಂದಲ ಇನ್ನೊಂದು ರೋಗ. ಇದಕ್ಕೆ ಔಷಧ ಸುಲಭ. ಏಕಮಾನ ದೊಡ್ಡದಾದರೆ ಅಂಕಿ ಸಣ್ಣದಾಗಬೇಕು, ಏಕಮಾನ ಸಣ್ಣದಾದರೆ ಅಂಕಿ ದೊಡ್ಡದಾಗಬೇಕು. ನಿಮ್ಮ ಹಾಸ್ಟೆಲ್ಲಿನ 2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಆಬ್‌ಆಂಪಿಯರ್ ದೊಡ್ಡದು, ಆದ್ದರಿಂದ 0.87. ಸ್ಟ್ಯಾಟ್‌ಆಂಪಿಯರ್ ಬಹಳ ಸಣ್ಣದು, ಆದ್ದರಿಂದ ಸುಮಾರು 2.6×10¹⁰. ಈ ಒಂದು ಗೀಸರನ್ನು ನೆನಪಿನಲ್ಲಿಟ್ಟರೆ ಸಾಕು, ದಿಕ್ಕು ತಪ್ಪುವುದಿಲ್ಲ. ದಿನಾ ಬೆಳಿಗ್ಗೆ ಅದರ ಮುಂದೆ ಸಾಲಿನಲ್ಲಿ ನಿಲ್ಲುವವರೇ ತಾನೆ ನೀವು.

ಲೆಕ್ಕ ಮುಗಿದ ಮೇಲೆ ಸರಿಯೋ ತಪ್ಪೋ ನೋಡಿಕೊಳ್ಳಲು ಒಂದು ಗುಟ್ಟು ಹೇಳುತ್ತೇನೆ. ಯಾವ ಪದ್ಧತಿಯಲ್ಲಾದರೂ ಒತ್ತಡವನ್ನು ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯ ಬರಬೇಕು. ಸಿ.ಜಿ.ಎಸ್.ನಲ್ಲಿ ಸಾಮರ್ಥ್ಯದ ಏಕಮಾನ ಸೆಕೆಂಡಿಗೆ ಒಂದು ಅರ್ಗ್, ಅಂದರೆ 10⁻⁷ ವ್ಯಾಟ್. ಒಂದು ಆಬ್‌ವೋಲ್ಟ್ 10⁻⁸ ವೋಲ್ಟ್, ಒಂದು ಆಬ್‌ಆಂಪಿಯರ್ 10 ಆಂಪಿಯರ್, ಗುಣಿಸಿದರೆ 10⁻⁷. ಒಂದು ಸ್ಟ್ಯಾಟ್‌ವೋಲ್ಟ್ ಸುಮಾರು 300 ವೋಲ್ಟ್, ಒಂದು ಸ್ಟ್ಯಾಟ್‌ಆಂಪಿಯರ್ 3.336×10⁻¹⁰ ಆಂಪಿಯರ್, ಗುಣಿಸಿದರೆ ಮತ್ತೆ 10⁻⁷. ಮರೆತ ಅಂಕಿಯನ್ನು ಪರೀಕ್ಷೆಯ ಕೋಣೆಯಲ್ಲಿ ಹೀಗೆಯೇ ಹುಟ್ಟಿಸಿಕೊಳ್ಳಬಹುದು. ಎರಡು ನಿಮಿಷ ಹಿಡಿಯುತ್ತದೆ. ಆ ಎರಡು ನಿಮಿಷ ಕೊಡಲು ನಿಮಗೆ ಸಂಕಟ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮೊಬೈಲಿನಲ್ಲಿ ಅಂಕಿ ಹಾಕಿದರೆ ಬದಲಿಸಿ ಕೊಡುವ ಸಾಧನಗಳಿವೆ, ಬಳಸಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಂತೆ ಅದು ಕೊಟ್ಟದ್ದನ್ನೆಲ್ಲ ಹಾಗೇ ಇಳಿಸಬೇಡಿ. ಅದು ಹತ್ತು ಅಂಕಿ ತೋರಿಸಿತು ಎಂದು ನೀವೂ ಹತ್ತು ಅಂಕಿ ಬರೆಯುತ್ತೀರಿ. ಟ್ಯಾಂಜೆಂಟ್ ಗ್ಯಾಲ್ವನೋಮೀಟರಿನಲ್ಲಿ 45 ಡಿಗ್ರಿಯ ಹತ್ತಿರ ಸೂಜಿಯನ್ನು ಒಂದು ಡಿಗ್ರಿ ತಪ್ಪಾಗಿ ಓದಿದರೆ ಪ್ರವಾಹದಲ್ಲಿ ಶೇಕಡಾ ಮೂರೂವರೆ ವ್ಯತ್ಯಾಸ ಬರುತ್ತದೆ. ಬೆಳಕಿನ ವೇಗವನ್ನು 2.998ರ ಬದಲು 3 ಎಂದು ಹಿಡಿದರೆ ಬರುವ ವ್ಯತ್ಯಾಸ ಶೇಕಡಾ 0.07 ಮಾತ್ರ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಉಪಕರಣ ಮೂರು ಅಂಕಿ ಕೊಟ್ಟರೆ ಮೂರೇ ಅಂಕಿ ಬರೆಯಿರಿ.

ಸಂಕೇತದ ವಿಷಯಕ್ಕೂ ಎಚ್ಚರ. ಆಬ್‌ಆಂಪಿಯರನ್ನು ಮೊಟಕು ಮಾಡಿ ಬರೆಯುವ ಒಂದು ರೂಢಿ ಅಟ್ಟೊಆಂಪಿಯರಿನ ಸಂಕೇತವನ್ನೇ ಹೋಲುತ್ತದೆ. ಅಟ್ಟೊ ಅಂದರೆ 10⁻¹⁸. ಒಂದಕ್ಕೊಂದು ಅಜಗಜಾಂತರ. ನಿಮ್ಮ ರೆಕಾರ್ಡಿನಲ್ಲಿ ಮೊದಲ ಸಲ ಹೆಸರನ್ನು ಪೂರ್ತಿ ಬರೆದುಬಿಡಿ, ಶಾಯಿಯೇನೂ ಖರ್ಚಾಗುವುದಿಲ್ಲ.

ತೀರ ಹಳೆಯ ಪುಸ್ತಕ ಕೈಗೆ ಬಂದರೆ "ಅಂತಾರಾಷ್ಟ್ರೀಯ ಆಂಪಿಯರ್" ಎಂಬ ಇನ್ನೊಬ್ಬ ನೆಂಟ ಎದುರಾಗಬಹುದು. 1908ರ ಲಂಡನ್ ಸಮ್ಮೇಳನ ಬೆಳ್ಳಿಯ ಲೆಕ್ಕದಲ್ಲಿ ಅದನ್ನು ನಿಗದಿ ಮಾಡಿತ್ತು: ಸಿಲ್ವರ್ ನೈಟ್ರೇಟ್ ದ್ರಾವಣದಿಂದ ಸೆಕೆಂಡಿಗೆ 1.118 ಮಿಲಿಗ್ರಾಂ ಬೆಳ್ಳಿ ಇಳಿಸುವ ಪ್ರವಾಹ. ಒಂದು ಗಂಟೆ ಹರಿಸಿದರೆ ನಾಲ್ಕು ಗ್ರಾಂ ಬೆಳ್ಳಿ, ಕಾಲುಂಗುರ ಮಾಡಿಸಬಹುದು. ಚಂದದ ವಿಧಾನ, ಯಾವ ಊರಿನ ಲ್ಯಾಬಿನಲ್ಲಾದರೂ ಒಂದು ಒಳ್ಳೆಯ ತಕ್ಕಡಿ ಇದ್ದರೆ ಮಾಡಿ ನೋಡಬಹುದಿತ್ತು. ಆದರೆ ಅದು ಇಂದಿನ ಆಂಪಿಯರಿಗಿಂತ ಕೂದಲೆಳೆಯಷ್ಟು ಚಿಕ್ಕದು, 0.99985 ಆಂಪಿಯರ್. 1948ರಲ್ಲಿ ಅದನ್ನು ಕೈಬಿಟ್ಟು, ಒಂದು ಮೀಟರ್ ಅಂತರದ ಎರಡು ತಂತಿಗಳ ನಡುವಿನ ಬಲದ ವ್ಯಾಖ್ಯೆ ತಂದರು. ಮೀಟರ್ ಉದ್ದಕ್ಕೆ 2×10⁻⁷ ನ್ಯೂಟನ್ ಎಂದು ನೀವು ಶಾಲೆಯಲ್ಲಿ ಕಲಿತದ್ದು ಅದೇ. 2019ರ ಮೇ 20ರಿಂದ ಅದೂ ಹೋಯಿತು. ಈಗ ಎಲೆಕ್ಟ್ರಾನಿನ ಆವೇಶವನ್ನು 1.602176634×10⁻¹⁹ ಕೂಲಂಬ್ ಎಂದು ನಿಗದಿ ಮಾಡಿ ಅಲ್ಲಿಂದ ಆಂಪಿಯರನ್ನು ಕಟ್ಟಿದ್ದಾರೆ. ಈ ಬದಲಾವಣೆಯಿಂದ ಆಬ್‌ಆಂಪಿಯರಿನ "ಹತ್ತು" ಈಗ ಶಾಸ್ತ್ರಕ್ಕೆ ಸರಿಯಾಗಿ ನಿಖರ ಹತ್ತಲ್ಲ. ವ್ಯತ್ಯಾಸ ಬಿಲಿಯನ್ನಿನ ಒಂದು ಪಾಲಿಗಿಂತಲೂ ಕಡಿಮೆ. ಮೌಖಿಕ ಪರೀಕ್ಷೆಯಲ್ಲಿ ಯಾರಾದರೂ ಕೆಣಕಿದರೆ ಹೇಳಲು ಇಟ್ಟುಕೊಳ್ಳಿ, ಲೆಕ್ಕದಲ್ಲಿ ಹತ್ತನ್ನೇ ಹಾಕಿ.

ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಅಂಕಿಗೆ ಕೈ ಹಾಕುವ ಮೊದಲು ಏಕಮಾನಗಳಿಗೆ ಸುತ್ತು ಹಾಕಿ. ಡೈನ್, ಗೌಸ್, ಅರ್ಸ್ಟೆಡ್, ಅರ್ಗ್ ಕಂಡರೆ ಅದು ಸಿ.ಜಿ.ಎಸ್. ಮನೆ ಎಂದು ಗೊತ್ತಾಯಿತು. ಸೂತ್ರದಲ್ಲಿ ಬೆಳಕಿನ ವೇಗ ಇದೆಯೇ ನೋಡಿ. ಇದ್ದರೆ ಗೌಸಿಯನ್, ಪ್ರವಾಹವನ್ನು ಸ್ಟ್ಯಾಟ್‌ಆಂಪಿಯರಿಗೆ ತನ್ನಿ. ಹತ್ತು ಇದೆಯೇ ನೋಡಿ. ಇದ್ದರೆ ಆಂಪಿಯರನ್ನು ಹಾಗೇ ಹಾಕಿ. ಎರಡೂ ಇಲ್ಲದಿದ್ದರೆ ಆಬ್‌ಆಂಪಿಯರ್. ಸಂದೇಹವಿದ್ದರೆ ಎಲ್ಲವನ್ನೂ ಎಸ್.ಐ.ಗೆ ತಂದು, ಲೆಕ್ಕ ಮಾಡಿ, ಕೊನೆಯಲ್ಲಿ ಒಂದೇ ಸಲ ಕೇಳಿದ ಏಕಮಾನಕ್ಕೆ ತಿರುಗಿಸಿ. ನಡುದಾರಿಯಲ್ಲಿ ಪದ್ಧತಿ ಬದಲಿಸಬೇಡಿ. ಅರ್ಧ ಪುಟ ಎಸ್.ಐ., ಇನ್ನರ್ಧ ಸಿ.ಜಿ.ಎಸ್. ಮಾಡಿದ ಲೆಕ್ಕ ಸರಿಬಂದರೆ ಅದು ನಿಮ್ಮ ಅದೃಷ್ಟ, ಜಾಣತನವಲ್ಲ.

ಗೆಳೆಯರ ರೆಕಾರ್ಡ್ ನೋಡಿ ಬರೆಯುವವರಿಗೂ ಒಂದು ಮಾತು. ನಕಲು ಮಾಡಬೇಡಿ ಎಂದರೆ ನೀವು ಕೇಳುವವರಲ್ಲ, ಗೊತ್ತು. ಆದರೆ ಒಂದೇ ಬ್ಯಾಚಿನ ಹುಡುಗರೆಲ್ಲ ಒಂದೇ ಕಡೆ ಹತ್ತನ್ನು ಬಿಟ್ಟು, ಒಂದೇ ತಪ್ಪು ಉತ್ತರಕ್ಕೆ ಒಂದೇ ಬಣ್ಣದ ಶಾಯಿಯಲ್ಲಿ ಚೌಕಟ್ಟು ಹಾಕಿರುವುದು ತಿದ್ದುವವರಿಗೆ ತಿಳಿಯುವುದಿಲ್ಲ ಎಂದುಕೊಳ್ಳಬೇಡಿ. ಮೊದಲ ಎರಡು ಪುಸ್ತಕ ತೆರೆದಾಗಲೇ ತಿಳಿಯುತ್ತದೆ.

ಅಪ್ಪ ಅಮ್ಮ ಊರಿನಲ್ಲಿ ಹೊಟ್ಟೆ ಬಟ್ಟೆ ಕಟ್ಟಿ ನಿಮ್ಮನ್ನು ಇಲ್ಲಿಗೆ ಕಳಿಸಿದ್ದಾರೆ. ನಿಮ್ಮ ಬುದ್ಧಿಯ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ, ಅಭ್ಯಾಸದ ಬಗ್ಗೆ ಮಾತ್ರ. ಈ ರಾತ್ರಿಯೇ ರೆಕಾರ್ಡ್ ಪುಸ್ತಕ ತೆಗೆಯಿರಿ. ಮೊದಲ ಪುಟದಿಂದ ನೋಡುತ್ತಾ ಬನ್ನಿ, ಬೋಳು ಅಂಕಿ ಕಂಡಲ್ಲೆಲ್ಲ ಪಕ್ಕದಲ್ಲಿ ಏಕಮಾನ ಬರೆಯಿರಿ. ಯಾವ ಏಕಮಾನ ಎಂದು ತಿಳಿಯದಿದ್ದರೆ ಆ ಲೆಕ್ಕವನ್ನು ಮತ್ತೆ ಮಾಡಿ. ಆದರೆ ಮೊದಲು ಊಟ ಮುಗಿಸಿ, ಮೆಸ್ ಮುಚ್ಚಿದ ಮೇಲೆ ಯಾರೂ ಅನ್ನ ಇಟ್ಟುಕೊಂಡು ಕಾಯುವುದಿಲ್ಲ.